ಎಡಕ್ಕೆ ಎರಡು ಕೋಲು

"ಏಯ್ ಬಟ್ಯ, ತಲೆ ಒಳಗೆ ಹಾಕು! ಫೋಟೋಕ್ಕೆ ನಿನ್ನ ತಲೆ ಬರ್ತದೆ!"

ಮಣ್ಣಿನ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಸುರಂಗದ ಬಾಯಿಗೆ ಬಂದಿದ್ದ ಬಟ್ಯ ಅಲ್ಲೇ ನಿಂತ. ಹೊರಗಿನ ಬಿಸಿಲು ಕಣ್ಣಿಗೆ ಕುಕ್ಕಿ ಯಾರು ಎಲ್ಲಿದ್ದಾರೆಂದು ಕಾಣುತ್ತಿರಲಿಲ್ಲ.

"ಎಂತ ನೋಡುದು? ಒಳಗೆ ಹೋಗು ಅಂದೆ. ಮದಾಮನಿಗೆ ಬರೀ ತೂತು ಸಾಕಂತೆ. ಮನುಷ್ಯರು ಬೇಡ."

ಮನುಷ್ಯರು ಬೇಡ ಎಂದಾದ ಮೇಲೆ ಇನ್ನೇನು? ಬಟ್ಯ ಬುಟ್ಟಿಯ ಸಮೇತ ಹಿಂದಕ್ಕೆ ಸರಿದ. ಸುರಂಗದ ಅಗಲ ಎರಡೇ ಅಡಿ, ಬುಟ್ಟಿ ಹಿಡಿದವನಿಗೆ ಒಳಗೆ ತಿರುಗಲು ಸಾಧ್ಯವಿಲ್ಲ. ಅರ್ಧ ಗಂಟೆ ಹಾಗೇ ಕತ್ತಲಲ್ಲಿ ನಿಂತಿದ್ದ. ಹೊರಗೆ ಕ್ಯಾಮರಾದವರು ಕೂತು, ನಿಂತು, ಕೊನೆಗೆ ಮಣ್ಣಿನಲ್ಲಿ ಬೋರಲು ಮಲಗಿ ಫೋಟೋ ತೆಗೆದರು. ಗುಡ್ಡೆಗೆ ತಾನಾಗಿಯೇ ತೂತು ಬಿದ್ದಿದೆಯೋ ಎಂಬಂತೆ ಮದಾಮ "ಬ್ಯೂಟಿಫುಲ್, ಬ್ಯೂಟಿಫುಲ್" ಎಂದಳು.

ತಲೆ ಒಳಗೆ ಹಾಕು ಎಂದು ಕೂಗಿದವನು ವಿಷ್ಣುಪ್ರಸಾದ. ಬೆಳ್ಳೂರಿನ ತಿರುಮಲೇಶ್ವರ ಭಟ್ಟರ ಮೊಮ್ಮಗ. ಹತ್ತು ವರ್ಷ ಡೆಲ್ಲಿಯಲ್ಲಿದ್ದು ಗಡ್ಡ ಬಿಟ್ಟುಕೊಂಡು ಬಂದಿದ್ದ. ಈಗ ಅವನಿಗೆ ಕ್ಯುರೇಟರ್ ಎಂದು ಹೆಸರು. ಕ್ಯುರೇಟರ್ ಎಂದರೆ ಯಾವುದು ಕಲೆ, ಯಾವುದು ಅಲ್ಲ ಎಂದು ಹೇಳುವವನು. ಅವನ ಅಜ್ಜನಿಗೂ ಇಂಥದೇ ಕೆಲಸ ಇತ್ತು: ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಎಂದು ಹೇಳುವುದು. ಆ ಅಜ್ಜನ ತೋಟಕ್ಕೆ ಇವತ್ತಿಗೂ ನೀರು ಹರಿಯುವುದು ಬಟ್ಯ ಮತ್ತು ಬಟ್ಯನ ಅಪ್ಪ ಕೊರೆದ ಏಳು ಸುರಂಗಗಳಿಂದ.

ಉತ್ಸವದ ಹೆಸರು ಹೇಳಲು ಒಂದು ಉಸಿರು ಸಾಲದು. ಕಾಸರಗೋಡು ಅಂತಾರಾಷ್ಟ್ರೀಯ ಸಮಕಾಲೀನ ಕಲೆ ಮತ್ತು ಪ್ರದರ್ಶನ ಉತ್ಸವ, 2017. ಹದಿನಾಲ್ಕು ದೇಶಗಳಿಂದ ಕಲಾವಿದರು ಬರುವವರಿದ್ದರು. ನರಿಪಾರೆ ಕಾಲನಿಯವರಿಗೆ ಗೊತ್ತಿದ್ದ ಕಲೆಯ ಉತ್ಸವ ಒಂದೇ, ಮಕ್ಕಳ ಶಾಲಾ ಕಲೋತ್ಸವ. ಅದರಲ್ಲಿ ಎ ಗ್ರೇಡ್ ಬಂದರೆ ಪರೀಕ್ಷೆಗೆ ಗ್ರೇಸ್ ಮಾರ್ಕು ಸಿಗುತ್ತದೆ. ಈ ಮದಾಮನೂ ಗ್ರೇಸ್ ಮಾರ್ಕಿಗೇ ಇಷ್ಟು ದೂರ ಬಂದಿರಬೇಕು ಎಂದು ಬಟ್ಯನ ಹೆಂಡತಿ ಲೋಲಾಕ್ಷಿ ಹೇಳಿದ್ದಳು.

ಜನವರಿಯಲ್ಲಿ ವಿಷ್ಣುಪ್ರಸಾದ ಕಾರು ಮಾಡಿಕೊಂಡು ಕಾಲನಿಗೆ ಬಂದಿದ್ದ. ಇಪ್ಪತ್ತೊಂದು ಮನೆ, ಮನೆಯ ಹಿಂದೆ ನರಿಪಾರೆ ಗುಡ್ಡೆ, ಎದುರಿಗೆ ಪೇಟೆಗೆ ಹೋಗುವ ಮಾರ್ಗ. ಒಂದು ಬಾವಿ ಇತ್ತು, ಡಿಸೆಂಬರಿಗೇ ತಳ ಕಾಣುತ್ತಿತ್ತು. ಆಮೇಲೆ ಮಂಗಳವಾರ, ಶುಕ್ರವಾರ ನಗರಸಭೆಯ ನೀರಿನ ಲಾರಿ. ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ಮಂಗಳವಾರ.

ಲೋಲಾಕ್ಷಿ ಆ ಲಾರಿಯ ನೀರಲ್ಲೇ ಚಾ ಮಾಡಿ ಕೊಟ್ಟಳು.

"ಅಯ್ಯೋ ಬೇಡ ಮಾರಾಯ್ತಿ, ಈಗ ಕುಡಿದು ಬಂದದ್ದಷ್ಟೆ" ಎಂದ ವಿಷ್ಣುಪ್ರಸಾದ. ಹದಿನಾಲ್ಕು ದೇಶದವರ ಜೊತೆ ಒಂದೇ ಗ್ಲಾಸಿನಲ್ಲಿ ಏನು ಬೇಕಾದರೂ ಕುಡಿಯುವ ಮನುಷ್ಯ. ಕಾಲನಿಗೆ ಬರುವಾಗ ಮಾತ್ರ ಯಾವಾಗಲೂ ಈಗಷ್ಟೇ ಕುಡಿದು ಬಂದಿರುತ್ತಾನೆ.

ಆಮೇಲೆ ಒಂದು ಡ್ರಾಯಿಂಗ್ ಬಿಚ್ಚಿದ. ನರಿಪಾರೆಯ ಹೊಟ್ಟೆಗೆ ನೇರವಾಗಿ, ಗೆರೆ ಎಳೆದ ಹಾಗೆ, ಇಪ್ಪತ್ತೆರಡು ಕೋಲು ಉದ್ದದ ಸುರಂಗ. ಕೋಲು ಎಂದರೆ ಎರಡೂವರೆ ಅಡಿ, ಸುರಂಗದವರ ಅಳತೆ.

"ಇಲ್ಲಿ ನೀರು ಬರುದಿಲ್ಲ ಧಣಿ, ಹೀಗೆ ನೇರ ಹೋದರೆ" ಎಂದ ಬಟ್ಯ.

"ಬರುದು ಬೇಡವೇ ಬೇಡ. ಜಿಯಾಲಜಿಯವರಿಂದ ಟೆಸ್ಟ್ ಮಾಡಿಸಿದ್ದೇವೆ, ಇಲ್ಲಿ ನೀರಿಲ್ಲ ಅಂತ. ಅದಕ್ಕೇ ಈ ಗುಡ್ಡೆ ತೆಗೊಂಡದ್ದು."

"ನೀರಿಲ್ಲದಲ್ಲಿ ಸುರಂಗ ಎಂತಕ್ಕೆ?"

"ಅದು ಕಲೆ ಮಾರಾಯ. ನಿನಗೆ ಅರ್ಥ ಆಗ್ಲಿಕ್ಕಿಲ್ಲ. ನೀನು ಕೊರಿ, ಸಾಕು."

ಆ ವರ್ಷ ಉತ್ಸವದ ವಿಷಯ 'ನೀರಿನ ನೆನಪು'. ನೀರಿನ ನೆನಪು ಬರಬೇಕಾದರೆ ಮೊದಲು ನೀರು ಇರಬಾರದು ಎಂಬುದು ಅವರ ಲೆಕ್ಕ. ಸುರಂಗದ ಕಲಾಕೃತಿ ಆ ವಿದೇಶಿ ಮದಾಮನದು, ಅದಕ್ಕೆ ಆಗಲೇ ಹೆಸರೂ ಇಟ್ಟಾಗಿತ್ತು, 'ಇಲ್ಲದ ನೀರು'. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ.

ಬಟ್ಯ ಕೊರೆಯುವುದು, ಲೋಲಾಕ್ಷಿ ಬಾಯಲ್ಲಿ ನಿಂತು ಮಣ್ಣು ಹೊರುವುದು. ಕೆಂಪು ಮುರಕಲ್ಲಿನ ಗುಡ್ಡೆ, ದಿನಕ್ಕೆ ಅರ್ಧ ಕೋಲು ಸಾಗಿದರೆ ಹೆಚ್ಚು. ಕುಕ್ಕರಗಾಲಲ್ಲಿ ಕೂತು, ಗಿಡ್ಡ ಹಿಡಿಯ ಪಿಕ್ಕಾಸಿನಿಂದ, ಮೊಣಕೈ ಗೋಡೆಗೆ ತಾಗದ ಹಾಗೆ ಹೊಡೆಯಬೇಕು. ಪಕ್ಕದಲ್ಲಿ ಒಂದು ಮೇಣದಬತ್ತಿ. ಅದು ಬೆಳಕಿಗಲ್ಲ. ಬತ್ತಿ ಸಣ್ಣದಾದರೆ ಗಾಳಿ ಮುಗಿಯಿತು ಎಂದರ್ಥ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಓಡಬೇಕು. ಬಟ್ಯನ ಅಪ್ಪ ಒಂದು ದಿನ ಓಡಲಿಲ್ಲ. ಭಟ್ಟರ ಐದನೇ ಸುರಂಗ ಅದು.

ಹದಿನಾಲ್ಕನೇ ಕೋಲಿನಲ್ಲಿ ಗೋಡೆ ಬೆವರಿತು.

ಎಡಗಡೆಯ ಗೋಡೆ. ಬಟ್ಯ ಅಂಗೈ ಇಟ್ಟು ನೋಡಿದ, ತಂಪು. ಕಿವಿ ಇಟ್ಟು ಕೇಳಿದ, ಏನೂ ಇಲ್ಲ. ನಾಲಗೆ ಇಟ್ಟು ನೋಡಿದ, ಸಿಹಿ. ಹೊರಗೆ ಹೋಗಿ ಗುಡ್ಡೆಯ ಎಡಭುಜ ನೋಡಿದರೆ ಸುತ್ತ ಹುಲ್ಲೆಲ್ಲ ಒಣಗಿ ಕೆಂಪಾಗಿರುವಾಗ ಒಂದು ಅತ್ತಿ ಮರ ಮಾತ್ರ ಯಾವ ನಾಚಿಕೆಯೂ ಇಲ್ಲದೆ ಹಸಿರಾಗಿ ನಿಂತಿತ್ತು. ಥತ್, ಇಷ್ಟು ದಿನ ತನ್ನ ಕಣ್ಣಿಗೆ ಏನಾಗಿತ್ತು ಎಂದು ತನ್ನನ್ನೇ ಬೈದುಕೊಂಡ.

ಡ್ರಾಯಿಂಗ್ ಹೇಳಿದ್ದು ನೇರ. ಆದರೆ ಮೂವತ್ತೈದು ವರ್ಷ ನೀರು ಹುಡುಕಿದ ಕೈ ಡ್ರಾಯಿಂಗಿನ ಮಾತು ಕೇಳುತ್ತದೆಯೇ? ಕೇಳಲಿಲ್ಲ. ಪಿಕ್ಕಾಸು ತಾನಾಗಿ ಎಡಕ್ಕೆ ತಿರುಗಿತು. ಒಂದು ಕೋಲು ಹೋದಾಗ ಮಣ್ಣು ಹಸಿ. ಎರಡನೇ ಕೋಲು ಮುಗಿಯುವಾಗ ಕಲ್ಲಿನ ಸಂದಿನಿಂದ ಬೆರಳು ಗಾತ್ರದ ನೀರು ಪುಳಕ್ಕನೆ ಚಿಮ್ಮಿ ಅವನ ಮುಖಕ್ಕೇ ಬಿತ್ತು. ಐವತ್ತಾರು ವರ್ಷದ ಮನುಷ್ಯ ಕತ್ತಲಲ್ಲಿ ಒಬ್ಬನೇ ಕೂತು ಗಳಗಳ ಅತ್ತುಬಿಟ್ಟ. ತನ್ನ ಮನೆಯ ಹಿತ್ತಿಲಲ್ಲೇ ಇಷ್ಟು ನೀರಿಟ್ಟುಕೊಂಡು ಕಂಡವರ ಗುಡ್ಡೆಗಳಿಗೆಲ್ಲ ತೂತು ಹಾಕುತ್ತಾ ತಿರುಗಿದೆನಲ್ಲ ಎಂದು ಅಳು.

ಆಮೇಲೆ ಬೊಗಸೆ ಒಡ್ಡಿ ಕುಡಿದ. ಮೊದಲ ಗುಟುಕು ಕೊರೆದವನದು, ಇದು ಸುರಂಗದವರ ಕಟ್ಟಳೆ. ಒಳಗೆ ಕೂತು, ಯಾರೂ ನೋಡದ ಹಾಗೆ ಕುಡಿಯುವುದು. ನೀರು ಹೊರಗೆ ಹರಿದ ಮೇಲೆ ಅದಕ್ಕೆ ಜಾತಿ ಬರುತ್ತದೆ. ಬೆಳ್ಳೂರಿನಲ್ಲಿ ನೀರು ಸಿಕ್ಕಿದ ದಿನವೇ ತಿರುಮಲೇಶ್ವರ ಭಟ್ಟರು ಪುಣ್ಯಾಹ ಮಾಡಿಸಿ ಟಾಂಕಿ ಶುದ್ಧ ಮಾಡಿಸುತ್ತಿದ್ದರು. ಆ ಹೊತ್ತಿಗೆ ಬಟ್ಯ ಬೇಲಿಯ ಆಚೆ ಇರಬೇಕು. ಬಾಯಾರಿದರೆ ಬೇಲಿಗೂಟಕ್ಕೆ ಕವುಚಿ ಹಾಕಿದ ತೆಂಗಿನಕಾಯಿಯ ಗೆರಟೆ ಇತ್ತು. ಅದನ್ನು ಹಿಡಿದು ನಿಂತರೆ ಮೇಲಿಂದ ಹೊಯ್ಯುತ್ತಿದ್ದರು.

ವಿಷ್ಣುಪ್ರಸಾದನಿಗೆ ಸುದ್ದಿ ಮುಟ್ಟಿದ್ದೇ ಕಾರು ಗುಡ್ಡೆ ಹತ್ತಿತು.

"ನೀರು ತೆಗಿ ಅಂತ ನಿನಗೆ ಯಾರು ಹೇಳಿದ್ದು? ಆಂ? ತೂತು ಕೊರಿ ಅಂತ ಹೇಳಿದ್ದು ನಾನು!"

"ಬಂತು ಧಣಿ. ಒಳ್ಳೆ ನೀರು. ಕುಡಿದು ನೋಡಿ."

"ಬಂತಂತೆ! ಬೇವರ್ಸಿ, ವರ್ಕಿನ ಹೆಸರೇ 'ಇಲ್ಲದ ನೀರು' ಅಂತ. ಕ್ಯಾಟಲಾಗ್ ಪ್ರಿಂಟಾಗಿ ಬಂದಾಯ್ತು. ಈಗ ನಾನು ಎಲ್ಲಿ ಮುಖ ಇಡುದು? ನೇರ ಹೋಗು ಅಂದರೆ ಸೊಟ್ಟ ಹೋಗಿದ್ದಿ. ನಿಮ್ಮ ಜಾತಿಗೆ ಒಂದು ಗೆರೆ ನೇರ ಹೋಗ್ಲಿಕ್ಕೆ ಗೊತ್ತುಂಟಾ?"

ಬಟ್ಯ ತಲೆ ತಗ್ಗಿಸಿ ನಿಂತ. ನೀರು ತೆಗೆಯದಿದ್ದಕ್ಕೆ ಬೈಸಿಕೊಂಡದ್ದುಂಟು, ತಡವಾದದ್ದಕ್ಕೆ ಬೈಸಿಕೊಂಡದ್ದುಂಟು. ನೀರು ತೆಗೆದದ್ದಕ್ಕೆ ಬೈಸಿಕೊಂಡದ್ದು ಇದೇ ಮೊದಲು. ಹೊಸ ಕಾಲ, ಹೊಸ ಬೈಗಳು ಎಂದುಕೊಂಡ.

ಮದಾಮ ಮಾತ್ರ ಕೋಪ ಮಾಡಲಿಲ್ಲ. ಹೆಲ್ಗಾ ಎಂದು ಅವಳ ಹೆಸರು. ಒಳಗೆ ಹೋಗಿ ಆ ತಿರುವಿನಲ್ಲಿ ಅರ್ಧ ಗಂಟೆ ಕೂತು, ಕೆಸರಲ್ಲಿ ಹೊರಗೆ ಬಂದು, ಬಟ್ಯನನ್ನು ತಬ್ಬಿಕೊಂಡು ಅತ್ತಳು. ಜನ್ಮದಲ್ಲಿ ಪರಜಾತಿಯವರು ಅವನನ್ನು ಮುಟ್ಟಿದ್ದು ಅದೇ ಮೊದಲು, ಅದೂ ಹೆಂಗಸು. ಲೋಲಾಕ್ಷಿ ಎದುರಿಗೇ ನಿಂತಿದ್ದಳು, ಬಟ್ಯನಿಗೆ ನಾಚಿಕೆಯಲ್ಲಿ ಪ್ರಾಣ ಹೋಯಿತು. ಆಮೇಲೆ ಮದಾಮ ವಿಷ್ಣುಪ್ರಸಾದನ ಹತ್ತಿರ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದಳು. ಅವನ ಮುಖ ಬರಬರುತ್ತಾ ಅರಳಿತು.

"ಆಯ್ತು ಬಟ್ಯ, ಇಲ್ಲಿಗೆ ನಿಲ್ಲಿಸು. ಮದಾಮನಿಗೆ ಈ ಸೊಟ್ಟವೇ ಇಷ್ಟ ಆಯ್ತಂತೆ."

ನೀರನ್ನು ಏನು ಮಾಡುತ್ತೀರಿ ಎಂದು ಬಟ್ಯ ಕೇಳಲಿಲ್ಲ. ಏಕೆ ಕೇಳಬೇಕು? ಹೆರಿಗೆ ಮಾಡಿಸಿದವಳು, ಈ ಮಗುವನ್ನು ಹೂಳುತ್ತೀರಾ ಎಂದು ಕೇಳುತ್ತಾಳೆಯೇ? ನೀರು ಕೊಡುವ ಸುರಂಗವನ್ನು ಮುಚ್ಚಿದವರನ್ನು ಅವನು ಕಂಡಿರಲಿಲ್ಲ, ಅವನ ಅಪ್ಪನೂ ಕಂಡಿರಲಿಲ್ಲ. ಬ್ರಹ್ಮಹತ್ಯೆ ಮಾಡಿದವನೂ ಮಾಡದ ಕೆಲಸ ಅದು.

ಹತ್ತು ದಿನ ಕಾಲನಿಗೆ ಹಬ್ಬ. ಅಡಿಕೆ ಮರದ ಸೀಳು ದಂಬೆ ಇಟ್ಟು ನೀರನ್ನು ಸುರಂಗದ ಬಾಯಿಯಿಂದ ಹೊರಗೆ ಬಿಟ್ಟರು. ಹೆಂಗಸರು ಬೆಳಗಾದರೆ ಕೊಡಪಾನ ಹಿಡಿದು ಸಾಲು. ಪಕ್ಕದ ಮನೆಯ ವಸುಮತಿ ಹದಿನೈದು ವರ್ಷದ ಹಿಂದೆ ಮದುವೆಯಾಗಿ ಬಂದವಳು, ಗಂಡನ ಮನೆಯಲ್ಲಿ ಮೊದಲ ಬಾರಿಗೆ ಎರಡು ಕೊಡ ನೀರು ತಲೆಗೆ ಹೊಯ್ದುಕೊಂಡೆ ಎಂದು ಊರಿಡೀ ಹೇಳಿಕೊಂಡು ಬಂದಳು. ಮಂಗಳವಾರ ಬಂದ ನೀರಿನ ಲಾರಿಯವನಿಗೆ ಲೋಲಾಕ್ಷಿ, "ಹೋಗಾ, ಬೇಕಾದರೆ ನಿನಗೆ ಎರಡು ಕೊಡ ನಾವು ಕೊಡ್ತೇವೆ" ಎಂದಳು.

ಹನ್ನೊಂದನೇ ದಿನ ಸುರಂಗದ ಎದುರು ಹಗ್ಗ ಬಂತು. ಹಗ್ಗದ ಹಿಂದೆ ನೀಲಿ ಅಂಗಿಯ ಗಾರ್ಡು ಬಂದ. ಗಾರ್ಡಿನ ಪಕ್ಕ ಮೂರು ಭಾಷೆಯ ಬೋರ್ಡು ಬಂತು. ಮೂರನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋಗಿದ್ದ ಬಟ್ಯ ಅಕ್ಷರ ಕೂಡಿಸಿ ಓದಿದ. 'ಇದು ಕಲಾಕೃತಿ. ದಯವಿಟ್ಟು ಮುಟ್ಟಬೇಡಿ.' ದಯವಿಟ್ಟು ಎಂದು ಹೇಳಿ ಮುಟ್ಟಬೇಡಿ ಎನ್ನುತ್ತಾರಲ್ಲ, ಕಾಲ ಎಷ್ಟು ಮುಂದೆ ಬಂತು ಎಂದು ಅವನಿಗೆ ನಗು ಬಂತು.

ಲೋಲಾಕ್ಷಿಗೆ ನಗು ಬರಲಿಲ್ಲ. ಅವಳು ಹಗ್ಗ ಎತ್ತಿ ಒಳಗೆ ಹೋಗಿ ಕೊಡಪಾನ ತುಂಬಿಸಿ ಸೊಂಟಕ್ಕೇರಿಸಿದಾಗ ಗಾರ್ಡು ಬಂದು ಕೊಡದ ಕಂಠಕ್ಕೆ ಕೈ ಹಾಕಿದ.

"ಬೋರ್ಡ್ ಕಾಣುದಿಲ್ವಾ? ಮುಟ್ಟಬಾರದು ಅಂತ ಉಂಟು."

"ನನ್ನ ಗಂಡ ತೆಗೆದ ನೀರು ಇದು!"

"ಗಂಡ ಆದರೂ ಆಯ್ತು, ಮಿಂಡ ಆದರೂ ಆಯ್ತು. ಚೆಲ್ಲು."

"ನಿನ್ನ ಅಪ್ಪನ ಮನೆಯದ್ದಾ ಬೋಳಿಮಗನೆ? ಕೈ ತೆಗಿ!"

ಅವನು ಕೈ ತೆಗೆಯಲಿಲ್ಲ, ಕೊಡವನ್ನು ಬಗ್ಗಿಸಿದ. ಅಷ್ಟೂ ನೀರು ಅವಳ ಸೀರೆಯ ಮೇಲೆ, ಕಾಲ ಮೇಲೆ, ಮಣ್ಣಿನ ಮೇಲೆ. ಒಣ ಮಣ್ಣು ಒಂದೇ ನಿಮಿಷದಲ್ಲಿ ಎಲ್ಲ ಕುಡಿದುಬಿಟ್ಟಿತು. ಅಲ್ಲೇ ಇದ್ದ ಕ್ಯಾಮರಾದ ಹುಡುಗಿಯೊಬ್ಬಳು ಒದ್ದೆ ಸೀರೆಯಲ್ಲಿ ನಿಂತ ಲೋಲಾಕ್ಷಿಯ ಫೋಟೋ ತೆಗೆದಳು. ಈ ಸಲ ಮನುಷ್ಯರು ಬೇಕಿತ್ತು ಎಂದು ಕಾಣುತ್ತದೆ.

ಮರುದಿನ ಉಪ್ಪಳದ ಒಬ್ಬ ಬಂದ. ಸುಧೀರ್ ಎಂದು, ರೆಡಿಮಿಕ್ಸ್ ಲಾರಿಯ ಡ್ರೈವರ್. ಟೇಪು ಹಿಡಿದು ಸುರಂಗದ ಅಗಲ, ಎತ್ತರ ಅಳೆಯತೊಡಗಿದ.

"ಎಂತ ಅಳೆಯುದು ಅಣ್ಣ?" ಎಂದ ಬಟ್ಯ.

"ಇದರ ಹೊಟ್ಟೆಗೆ ಎಷ್ಟು ಹಿಡೀತದೆ ಅಂತ. ಎರಡು ಲೋಡ್ ಬೇಕಾದೀತು."

"ಎಂತ ಲೋಡು?"

"ಕಾಂಕ್ರೀಟು. ನಿಮಗೆ ಹೇಳ್ಲಿಲ್ವಾ? ಉದ್ಘಾಟನೆ ದಿವಸ ಮಂತ್ರಿ ಸ್ವಿಚ್ ಒತ್ತುದು, ನಾವು ಪಂಪಿನಲ್ಲಿ ಇದಕ್ಕೆ ಫುಲ್ ತುಂಬಿಸುದು. ಗಟ್ಟಿ ಆದ ಮೇಲೆ ಸುತ್ತ ಗುಡ್ಡೆ ಕಡಿದು ಆ ಕಾಂಕ್ರೀಟಿನ ಕೋಲನ್ನು ಹೊರಗೆ ತೆಗೆದು, ಹಡಗಿನಲ್ಲಿ ಆ ಮದಾಮನ ಊರಿಗೆ. ಸುರಂಗದ ಅಚ್ಚು ಅಂತೆ. ನನಗೂ ಸರಿ ಅರ್ಥ ಆಗ್ಲಿಲ್ಲ."

ಬಟ್ಯ ಅಲ್ಲೇ ಕುಕ್ಕರು ಕೂತ. ಸುಧೀರನಿಗೆ ಏನನ್ನಿಸಿತೋ, ಪಕ್ಕದಲ್ಲಿ ಕೂತು ಬೀಡಿ ಕೊಟ್ಟ. ಸುಮ್ಮನೆ ಕೂರಲಾಗದೆ ತನ್ನ ಲಾರಿಯ ಕಷ್ಟ ಹೇಳತೊಡಗಿದ. "ಲೋಡ್ ಹಾಕಿದ ಮೇಲೆ ಎರಡು ಗಂಟೆ ಅಷ್ಟೆ ಇದರ ಆಯುಷ್ಯ. ಬಿಸಿಲು ಜೋರಿದ್ದರೆ ಅಷ್ಟೂ ಇಲ್ಲ. ಒಮ್ಮೆ ಚೆರ್ಕಳದ ಹತ್ತಿರ ರೋಡು ಬ್ಲಾಕಿನಲ್ಲಿ ಸಿಕ್ಕಿ ಡ್ರಮ್ಮಿನೊಳಗೇ ಕಲ್ಲಾಯ್ತು. ನಾಲ್ಕು ದಿವಸ ಡ್ರಮ್ಮಿನ ಒಳಗೆ ಕೂತು ಒಡೆದವ ನಾನು. ನಿಮ್ಮ ಹಾಗೇ, ತೂತಿನ ಒಳಗೆ ಕೂತುಕೊಂಡು."

ಉತ್ಸವದ ಆಫೀಸು ಪೇಟೆಯ ಒಂದು ಹಳೆ ಗೋದಾಮಿನಲ್ಲಿ. ಬಟ್ಯ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಹತ್ತಿರ ನಿಂತ. ಒಳಗೆ ವಿಷ್ಣುಪ್ರಸಾದನೂ ಟೂರಿಸಂನ ಒಬ್ಬ ಆಫೀಸರನೂ ಶಾಲುಗಳನ್ನು ಆರಿಸುತ್ತಿದ್ದರು. ಅರ್ಧ ಗಂಟೆ ಯಾರೂ ತಲೆ ಎತ್ತಲಿಲ್ಲ.

"ಧಣಿ, ಸುರಂಗ ಮುಚ್ಚುದಂತೆ. ಹೌದಾ?"

"ಹೌದು ಮತ್ತೆ. ಅದೇ ಅಲ್ವಾ ವರ್ಕು."

"ಅದರಲ್ಲಿ ನೀರುಂಟಲ್ಲ ಧಣಿ."

"ಅದೇ ಪಾಯಿಂಟು! ನೀರುಂಟು, ಆದರೆ ಸಿಗುದಿಲ್ಲ. ನೋಡಿದವರ ಎದೆಗೆ ನಾಟಬೇಕು. ನಿಮ್ಮಂಥವರ ಕಷ್ಟವನ್ನೇ ಹೇಳುದು ಮಾರಾಯ ನಾವು, ಇಡೀ ಪ್ರಪಂಚಕ್ಕೆ."

"ನಮ್ಮ ಕಷ್ಟ ಹೇಳ್ಲಿಕ್ಕೆ ನಮ್ಮ ನೀರು ಮುಚ್ಚುದು ಎಂತಕ್ಕೆ?"

ವಿಷ್ಣುಪ್ರಸಾದ ಆಫೀಸರನ ಕಡೆ ನೋಡಿ ನಕ್ಕ. ಮಗು ಪೆದ್ದು ಪ್ರಶ್ನೆ ಕೇಳಿದರೆ ದೊಡ್ಡವರು ನಗುವ ನಗು.

ಆಫೀಸರನಿಗೆ ಮಾತ್ರ ನೀರಿನ ವಿಷಯದಲ್ಲಿ ಮುತುವರ್ಜಿ ಇತ್ತು. ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದ: "ನೀರು ಬೇಕಾದರೆ ಒಂದು ಅಪೇಕ್ಷೆ, ಅರ್ಜಿ, ಕೊಡಿ. ವಿಲ್ಲೇಜ್ ಆಫೀಸಿಂದ ಜಾತಿ ಸರ್ಟಿಫಿಕೇಟ್ ಇಡಿ. ಸರಕಾರದ ಪದ್ಧತಿ, ಸ್ಕೀಮು, ಬಂದಾಗ ನೋಡುವ."

"ಇನ್ನೂ ಎಂತ ನಿಲ್ಲುದು?" ಎಂದ ವಿಷ್ಣುಪ್ರಸಾದ. "ಆ ಜಾಗ ಸರಕಾರದ್ದು, ನಿನ್ನ ಅಪ್ಪನದ್ದಲ್ಲ. ಕೂಲಿ ಕೊಟ್ಟಾಯ್ತು. ತೆಗೊ, ಈ ಟೀಶರ್ಟು. ನಾಡಿದ್ದು ಹಾಕಿಕೊಂಡು ಬಾ, ಸ್ಟೇಜಿನಲ್ಲಿ ಮಂತ್ರಿ ನಿನಗೆ ಶಾಲು ಹಾಕುದು. ಸ್ನಾನ ಮಾಡಿ ಬಾ ಆಯ್ತಾ, ಪಕ್ಕದಲ್ಲಿ ನಿಲ್ಲುವವರು ದೊಡ್ಡ ದೊಡ್ಡವರು."

ಬಟ್ಯ ಟೀಶರ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಕರಿ ಬಣ್ಣದ್ದು, ಎದೆಯ ಮೇಲೆ ನೀಲಿ ಹನಿಯ ಚಿತ್ರ. ಕೊರಳಿಗೆ ಹಾಕಲು ಒಂದು ಕಾರ್ಡೂ ಇತ್ತು. ಸ್ನಾನದ ಮಾತು ಹೇಳಿದಾಗ ಲೋಲಾಕ್ಷಿ ಟೀಶರ್ಟನ್ನು ಕಿತ್ತು ಜಗಲಿಗೆ ಎಸೆದಳು.

"ಸ್ನಾನಕ್ಕೆ ನೀರು ಎಲ್ಲಿಂದ? ಅವನ ಅಜ್ಜ ಬಂದು ಗೆರಟೆಯಲ್ಲಿ ಹೊಯ್ತಾನಾ?"

ಬಟ್ಯ ಎದ್ದು ಟೀಶರ್ಟನ್ನು ಹೆಕ್ಕಿ ಧೂಳು ಕೊಡವಿ ಮಡಚಿಟ್ಟ. ಲೋಲಾಕ್ಷಿ ಸಿಟ್ಟಿನಲ್ಲಿ ಉಗಿದಳು.

"ಥೂ, ಹಾಕಿಕೊಂಡು ಹೋಗ್ತೀರಾ? ಶಾಲು ಹೊದ್ದುಕೊಂಡು ಹಲ್ಲು ಕಿಸಿಲಿಕ್ಕಾ?"

"ಕ್ಯಾಂಡ್ಲು ಉಂಟಾ ಮನೆಯಲ್ಲಿ?" ಎಂದ ಅವನು. "ಎರಡು ಬೇಕು. ಉದ್ದದ್ದು."

ಅವಳು ಅವನ ಮುಖ ನೋಡಿದಳು. ಸುರಂಗದವನ ಹೆಂಡತಿ, ಬಿಡಿಸಿ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ಡಬ್ಬಿಯಿಂದ ಎರಡು ಮೇಣದಬತ್ತಿ ತಂದು ಕೊಟ್ಟಳು.

"ನಿಮ್ಮ ಅಪ್ಪನ ಹಾಗೆ ಮಾಡಬೇಡಿ" ಎಂದಳು. "ಬತ್ತಿ ಸಣ್ಣ ಆದರೆ ಬರಬೇಕು."

ಉದ್ಘಾಟನೆ ಮಧ್ಯಾಹ್ನ ಮೂರೂವರೆಗೆ. ಮುನ್ನೂರು ಕುರ್ಚಿ, ಒಂದೊಂದು ಕುರ್ಚಿಯ ಮೇಲೂ ಒಂದೊಂದು ಬಾಟ್ಲಿ ನೀರು. ಸುರಂಗದ ಬಾಯಿಯವರೆಗೆ ಕೆಂಪು ಹಾಸು. ಬಾಯಿಯ ಪಕ್ಕದಲ್ಲಿ ತೊಡೆಗಾತ್ರದ ಪೈಪು ತನ್ನ ಸರದಿಗೆ ಕಾದು ಮಲಗಿತ್ತು. ಸ್ಟೇಜಿನ ಮೇಲೆ ಹೂ ಸುತ್ತಿದ ಮೇಜು, ಅದರಲ್ಲಿ ಮಂತ್ರಿ ಒತ್ತಬೇಕಾದ ಕೆಂಪು ಸ್ವಿಚ್ಚು. ಒತ್ತಿದರೆ ಒಂದು ಬಲ್ಬು ಉರಿಯುತ್ತದೆ, ಅಷ್ಟೆ. ನಿಜವಾದ ಹ್ಯಾಂಡಲ್ಲು ಇದ್ದದ್ದು ಹಿಂದೆ, ಪಂಪಿನ ಹತ್ತಿರ, ಸುಧೀರನ ಕೈಯಲ್ಲಿ. ಎರಡು ಲಾರಿ ಲೋಡು ಹೊತ್ತು ಡ್ರಮ್ಮು ತಿರುಗಿಸುತ್ತಾ ನಿಂತಿದ್ದವು.

ಮಂತ್ರಿಗಳು ಬಂದದ್ದು ನಾಲ್ಕೂಮುಕ್ಕಾಲಿಗೆ. ಮಂತ್ರಿಗಳು ಮಂತ್ರಿಗಳ ಹೊತ್ತಿಗೇ ಬರುತ್ತಾರೆ ಎಂದು ಬಟ್ಯ ನಂಬಿದ್ದ, ಆ ನಂಬಿಕೆ ಸುಳ್ಳಾಗಲಿಲ್ಲ. ಲೋಡಿನ ಎರಡು ಗಂಟೆ ಮುಗಿಯುತ್ತಾ ಬಂತೆಂದು ಸುಧೀರ ವಾಚು ನೋಡಿ ನೋಡಿ ಡ್ರಮ್ಮಿಗೆ ನೀರು ಹೊಡೆಯುತ್ತಿದ್ದ. ಬಿಸಿಲು ಸುಡುತ್ತಿತ್ತು.

ದೀಪ ಹಚ್ಚಿದರು. ನೀರು ಜೀವ ಎಂದು ಮಂತ್ರಿಗಳು ಭಾಷಣ ಸುರು ಮಾಡಿದರು. ಎಲ್ಲರೂ ಅತ್ತ ನೋಡುತ್ತಿದ್ದಾಗ ಕರಿ ಟೀಶರ್ಟಿನ, ಕೊರಳಿಗೆ ಕಾರ್ಡು ಹಾಕಿದ ಬಟ್ಯ ಹಗ್ಗದ ಹತ್ತಿರ ಹೋದ. ಗಾರ್ಡು ಕಾರ್ಡು ನೋಡಿ ಹಗ್ಗ ಎತ್ತಿಕೊಟ್ಟ. ಅದೇ ಗಾರ್ಡು, ಅದೇ ಹಗ್ಗ.

ಹದಿನಾಲ್ಕು ಕೋಲು ನೇರ. ಆಮೇಲೆ ಎಡಕ್ಕೆ ಎರಡು. ತಿರುವು ದಾಟಿ ಬಟ್ಯ ಒಸರುವ ಕಲ್ಲಿಗೆ ಬೆನ್ನು ಕೊಟ್ಟು ಕುಕ್ಕರು ಕೂತ. ಬತ್ತಿ ಹಚ್ಚಿ ಗೋಡೆಯಲ್ಲಿ ಕೊರೆದ ಗೂಡಿನಲ್ಲಿಟ್ಟ. ಪಾದದ ಮೇಲೆ ನೀರು ತಣ್ಣಗೆ ಹರಿಯುತ್ತಿತ್ತು. ಮೈಕಿನ ಮಾತು ಒಂದೊಂದಾಗಿ ಸುರಂಗ ಹತ್ತಿ ಬರುತ್ತಿತ್ತು.

"ಈಗ, ಈ ಕಲಾಕೃತಿಗೆ ತಮ್ಮ ಶ್ರಮವನ್ನು ಧಾರೆಯೆರೆದ ಶ್ರೀ ಬಟ್ಯ ಅವರನ್ನು ವೇದಿಕೆಗೆ ಆಹ್ವಾನಿಸುತ್ತಿದ್ದೇವೆ."

ಶ್ರೀ! ಜನ್ಮದಲ್ಲಿ ಮೊದಲ ಸಲ ಹೆಸರಿನ ಹಿಂದೆ ಅದು ಬಂತು, ಆಗ ನೋಡಿದರೆ ಅವನು ಗುಡ್ಡೆಯ ಹೊಟ್ಟೆಯಲ್ಲಿ.

ಮತ್ತೆ ಕರೆದರು. ಮೂರನೇ ಸಲ ಕರೆಯುವಾಗ ಮೈಕಿನ ದನಿ ತಡವರಿಸಿತು. ಗಾರ್ಡು ಹೋಗಿ ಹೇಳಿರಬೇಕು, ಬಾಯಿಯ ಬೆಳಕಿಗೆ ಅಡ್ಡವಾಗಿ ಯಾರೋ ಬಗ್ಗಿದರು. ದನಿ ವಿಷ್ಣುಪ್ರಸಾದನದು.

"ಬಟ್ಯಾ! ಎಂತ ಮಾಡ್ತಿದ್ದಿ ಅಲ್ಲಿ? ಹೊರಗೆ ಬಾ!"

ಬಾಯಿಯಿಂದ ನೋಡುವವರಿಗೆ ತಿರುವಿನ ಗೋಡೆಯ ಮೇಲೆ ಬತ್ತಿಯ ಬೆಳಕು ಮಾತ್ರ ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ಎದುರಿನ ಕುರ್ಚಿಯವರು ಎದ್ದು ನಿಂತು ನೋಡಿದರು. ಕತ್ತಲ ಸುರಂಗ, ಕೊನೆಯಲ್ಲಿ ನಡುಗುವ ಬೆಳಕು, ಒಳಗೆ ಕೂತ ಕಾರ್ಮಿಕ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಉಳಿದವರು ಸುಮ್ಮನಿದ್ದರೆ ಕಲೆ ಗೊತ್ತಿಲ್ಲದವರೆಂದು ಆಗುತ್ತದಲ್ಲ, ಮುನ್ನೂರು ಜನವೂ ತಟ್ಟಿದರು. ಮಂತ್ರಿಗಳೂ ತಟ್ಟಿದರು.

"ಬಾ ಮಾರಾಯ" ಎಂದ ವಿಷ್ಣುಪ್ರಸಾದ, ಚಪ್ಪಾಳೆಯ ನಡುವೆ. ಬಿಳಿ ಜುಬ್ಬದಲ್ಲಿ ಒಂದಷ್ಟು ದೂರ ಒಳಗೆ ಬಂದಿದ್ದ. "ಬಟ್ಯಣ್ಣ, ಹೊರಗೆ ಬಾ. ನೀರಿಗೆ ನಾನು ವ್ಯವಸ್ಥೆ ಮಾಡ್ತೇನೆ. ಅಜ್ಜನಾಣೆ."

ಅಜ್ಜನಾಣೆ ಎಂದದ್ದು ಕೇಳಿ ಬಟ್ಯ ಒಂದು ಬೊಗಸೆ ನೀರು ಕುಡಿದ.

ವಿಷ್ಣುಪ್ರಸಾದ ಹೊರಗೆ ಹೋಗಿ ಪಿಸುಗುಟ್ಟಿದ. ಸುರಂಗದ ಬಾಯಲ್ಲಿ ನಿಂತು ಪಿಸುಗುಟ್ಟಿದರೆ ಒಳಗೆ ಕೂಗಿದ ಹಾಗೆ ಕೇಳುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸುಧೀರ್, ಸ್ವಲ್ಪ ಬಿಡು. ಒಂದು ಹತ್ತು ಬುಟ್ಟಿಯಷ್ಟು. ಹೆದರಿ ಓಡಿ ಬರ್ತಾನೆ."

"ಒಳಗೆ ಮನುಷ್ಯ ಉಂಟಲ್ಲ ಸರ್."

"ಎರಡು ಲೋಡ್ ಹಾಳಾದರೆ ನಿನ್ನ ಲಾರಿ ಓನರಿಗೆ ನೀನು ಹೇಳ್ತಿಯಾ? ಮಂತ್ರಿಗಳು ಈಗ ಸ್ವಿಚ್ ಒತ್ತುತ್ತಾರೆ. ಹ್ಯಾಂಡಲ್ ಹಿಡಿ!"

ಪೈಪನ್ನು ಎಳೆದು ಸುರಂಗದ ಬಾಯಿಗೆ ಇಡುವ ಸದ್ದು ಬಂತು. ಬೆಳಕು ಅರ್ಧ ಹೋಯಿತು. ಗೂಡಿನ ಬತ್ತಿ ಒಮ್ಮೆ ಬಾಗಿ, ಎದ್ದು, ಮತ್ತೆ ಬಾಗಿತು. ಬಟ್ಯನಿಗೆ ಹೆದರಿಕೆಯಾಯಿತು. ಸುಳ್ಳು ಯಾಕೆ, ಚೆನ್ನಾಗಿಯೇ ಹೆದರಿಕೆಯಾಯಿತು. ಅಪ್ಪನನ್ನು ಕಾಲು ಹಿಡಿದು ಎಳೆದು ತೆಗೆದದ್ದು ನೆನಪಾಯಿತು, ಅವನ ಉಗುರಿನಲ್ಲಿ ಕೆಂಪು ಮಣ್ಣಿತ್ತು. ಎದ್ದು ನಿಂತು ಎರಡು ಹೆಜ್ಜೆ ತಿರುವಿನ ಕಡೆ ಇಟ್ಟ.

ಅಷ್ಟರಲ್ಲಿ ಹೊರಗೆ ಕೊಡಪಾನಗಳ ಸದ್ದು.

ಲೋಲಾಕ್ಷಿ, ವಸುಮತಿ, ಅವರ ಹಿಂದೆ ಇಪ್ಪತ್ತೊಂದು ಮನೆಯ ಹೆಂಗಸರು. ಮಂತ್ರಿ, ಕ್ಯಾಮರಾ, ವಿದೇಶದವರು ಎಂದು ನೋಡದೆ ಕೆಂಪು ಹಾಸಿನ ಮೇಲೆಯೇ ಸಾಲಾಗಿ ನಡೆದು ಬಂದರು. ಗಾರ್ಡು ಅಡ್ಡ ಬರುತ್ತಿದ್ದಂತೆ ಮುಂದಿನ ಸಾಲಿನ ಬಿಳಿಯನೊಬ್ಬ ಗಾರ್ಡನ್ನೇ ಪಕ್ಕಕ್ಕೆ ಸರಿಸಿದ, ಅವನಿಗೆ ಫೋಟೋ ಸರಿ ಬರುತ್ತಿರಲಿಲ್ಲ. ಲೋಲಾಕ್ಷಿ ಪೈಪಿನ ಬಾಯಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ದಂಬೆಯ ಕೆಳಗೆ ಮೊದಲ ಕೊಡಪಾನ ಇಟ್ಟಳು. ಮತ್ತೆ ಚಪ್ಪಾಳೆ. ಮದಾಮ ಎರಡೂ ಕೈ ಬಾಯಿಗಿಟ್ಟು ಅಳುತ್ತಿದ್ದಳು.

"ಏಳು ಮಾರಾಯ್ತಿ, ಏಳು" ಎಂದ ವಿಷ್ಣುಪ್ರಸಾದ.

"ಮುಟ್ಟು ನೋಡುವ" ಎಂದಳು ಲೋಲಾಕ್ಷಿ. "ಬೋರ್ಡಿನಲ್ಲಿ ಎಂತ ಬರೆದದ್ದು ಓದಿ ಮುಟ್ಟು."

ಮಂತ್ರಿಗಳಿಗೆ ಐದೂವರೆಗೆ ಬೇರೆ ಕಾರ್ಯಕ್ರಮ ಇತ್ತು. ಅವರು ಸ್ವಿಚ್ಚು ಒತ್ತಿದರು. ಬಲ್ಬು ಉರಿಯಿತು. ಎಲ್ಲರೂ ಸುಧೀರನ ಕಡೆ ನೋಡಿದರು. ಸುಧೀರನ ಒಂದು ಕೈ ಹ್ಯಾಂಡಲ್ಲಿನ ಮೇಲಿತ್ತು. ಇನ್ನೊಂದು ಕೈಯಿಂದ ಕಿಸೆಯಲ್ಲಿ ಬೀಡಿ ಹುಡುಕುತ್ತಿದ್ದ.

ವಿಷ್ಣುಪ್ರಸಾದ ಮತ್ತೆ ಸುರಂಗದ ಬಾಯಿಗೆ ಓಡಿ ಬಂದು, ಲೋಲಾಕ್ಷಿಯನ್ನು ಸುತ್ತಿ ಬಳಸಿ, ತಲೆ ಮಾತ್ರ ಒಳಗೆ ಹಾಕಿದ. ದನಿ ಅಳುವ ಹಾಗಿತ್ತು.

"ಬಟ್ಯಣ್ಣ, ನಿನ್ನ ಕಾಲು ಹಿಡೀತೇನೆ. ಒಮ್ಮೆ ಹೊರಗೆ ಬಾ. ನಿನ್ನ ಮುಖ ಒಂದು ಕಂಡರೆ ಸಾಕು."

ಬಟ್ಯ ತಿರುವಿನಲ್ಲಿ ನಿಂತಿದ್ದ. ಇಟ್ಟ ಎರಡು ಹೆಜ್ಜೆಯನ್ನು ಹಿಂದಕ್ಕೆ ತೆಗೆದು ತನ್ನ ಜಾಗದಲ್ಲಿ ಕೂತ.

"ಬೇಡ ಧಣಿ" ಎಂದ. "ಫೋಟೋಕ್ಕೆ ತಲೆ ಬರ್ತದೆ."

ಮೊದಲ ಬತ್ತಿ ಮುಗಿಯುತ್ತಾ ಬಂದಿತ್ತು. ಬಟ್ಯ ಅದರಿಂದಲೇ ಎರಡನೆಯದನ್ನು ಹಚ್ಚಿಕೊಂಡ. ಉರಿ ಮೊದಲಿನಷ್ಟು ಉದ್ದ ಇರಲಿಲ್ಲ. ಬಾಯಿಯ ಕಡೆಯಿಂದ ಕೊಡಪಾನ ತುಂಬುವ ಸದ್ದು ಕೇಳುತ್ತಿತ್ತು, ತುಂಬಿದ್ದನ್ನು ಎತ್ತಿ ಖಾಲಿಯದನ್ನು ಇಡುವ ಸದ್ದು. ಅದರಾಚೆ ಡ್ರಮ್ಮು ಇನ್ನೂ ತಿರುಗುತ್ತಿತ್ತು, ಮೊದಲಿಗಿಂತ ನಿಧಾನವಾಗಿ.